ಚಿನ್ನದ ಸಿಡಿ, ಜಪಾನಿನ ಸಿಡಿ, ಫ್ಲಾಕ್, ಎಂಪಿ3: ಕಿವಿಗೆ ನಿಜವಾಗಿ ವ್ಯತ್ಯಾಸ ಗೊತ್ತಾಗುತ್ತದಾ?

ವೀಣೆ_ಬಸವನಗುಡಿ

ಎಲ್ಲರಿಗೂ ನಮಸ್ಕಾರ. ಪ್ರಶ್ನೆ ಸ್ವಲ್ಪ ಉದ್ದ ಇದೆ, ದಯವಿಟ್ಟು ಪೂರ್ತಿ ಓದಿ.

ನಾನು ವೀಣೆ ಪಾಠ ಹೇಳುತ್ತೇನೆ. ನಮ್ಮ ತಂದೆಯವರ ಸಂಗ್ರಹ ಈಗ ನನ್ನ ಹತ್ತಿರ ಇದೆ. ಒಂದು ಟ್ರಂಕಿನ ತುಂಬ 78ರ (ನಿಮಿಷಕ್ಕೆ 78 ಸುತ್ತು ತಿರುಗುವ) ಹಳೇ ಗ್ರಾಮಫೋನ್ ಪ್ಲೇಟುಗಳು, ಒಂದಿಷ್ಟು ಎಲ್‌ಪಿ, ಕೋಟೆ ಹೈಸ್ಕೂಲ್ ಮೈದಾನದ ರಾಮನವಮಿ ಕಚೇರಿಗಳಲ್ಲಿ ಅವರೇ ಕೂತು ರೆಕಾರ್ಡ್ ಮಾಡಿಕೊಂಡ ಕ್ಯಾಸೆಟ್ಟುಗಳು, ಆಮೇಲೆ ಸಿಡಿಗಳು. ಇವನ್ನೆಲ್ಲ ಕಂಪ್ಯೂಟರಿಗೆ ಹಾಕಿ ಜೋಪಾನ ಮಾಡಬೇಕು, ವಿದ್ಯಾರ್ಥಿಗಳಿಗೂ ಕೇಳಿಸಬೇಕು ಅಂತ ತುಂಬಾ ಆಸೆ.

ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಅಂಗಡಿಯಲ್ಲಿ ಒಬ್ಬರು ಜಪಾನಿನ ಎಸ್‌ಎಚ್‌ಎಂ ಸಿಡಿ ತೋರಿಸಿ, ಇದರ ಪ್ಲಾಸ್ಟಿಕ್ಕೇ ಬೇರೆ, ಅದಕ್ಕೇ ಸೌಂಡ್ ಇಷ್ಟು ಸ್ವಚ್ಛ ಅಂದರು. ಮಾಮೂಲಿ ಸಿಡಿಯ ನಾಲ್ಕೈದು ಪಟ್ಟು ಬೆಲೆ. ಚಿನ್ನದ ಪದರ ಇರುವುದು ಇನ್ನೂ ಮೇಲು ಅಂತ ಅವರ ಪಕ್ಕದಲ್ಲಿದ್ದವರು. ನಮ್ಮ ಅಕ್ಕನ ಮಗ ಮಾತ್ರ "ಡಿಸ್ಕ್ ಯಾವುದಾದರೇನು ಚಿಕ್ಕಮ್ಮ, ಎಲ್ಲಾ ಸೊನ್ನೆ ಮತ್ತು ಒಂದೇ ಅಲ್ವಾ" ಅಂತಾನೆ. ಅದೇ ಹುಡುಗ ಎಂಪಿ3 ಬೇಡ, ಫ್ಲಾಕ್ ಅನ್ನುವ ಫಾರ್ಮ್ಯಾಟಿನ ಫೈಲು ಮಾಡಿ ಅಂತಲೂ ಹೇಳುತ್ತಾನೆ. ಎಲ್ಲಾ ಸೊನ್ನೆ ಮತ್ತು ಒಂದೇ ಆಗಿದ್ದರೆ ಎಂಪಿ3 ಯಾಕೆ ಬೇಡ?

ತಂಬೂರಿಯ ನಾದ ನನಗೆ ಒಂದೊಂದರಲ್ಲಿ ಒಂದೊಂದು ಥರ ಕೇಳುತ್ತದೆ. ಅದು ಡಿಸ್ಕಿನಿಂದಲೋ, ಫಾರ್ಮ್ಯಾಟಿನಿಂದಲೋ, ಬೇರೆ ಏನಾದರೂ ಇದೆಯೋ ತಿಳಿದವರು ಹೇಳಿ.

ಸ್ಟುಡಿಯೋ_ರಾಜಾಜಿನಗರ

ಮೇಡಂ, ಮೊದಲು ಪ್ಲೇಟು, ಕ್ಯಾಸೆಟ್ಟುಗಳನ್ನು ಒಂದು ಕಡೆ ಇಡಿ, ಸಿಡಿಗಳನ್ನು ಇನ್ನೊಂದು ಕಡೆ ಇಡಿ. ಎರಡಕ್ಕೂ ಉತ್ತರ ಬೇರೆ ಬೇರೆ.

ಪ್ಲೇಟಿನಲ್ಲಿ ಹಾಡನ್ನು ಕೊರೆದಿರುವ ಗೀರಿನ ಗೋಡೆ ಹೇಗೆ ಬಳುಕುತ್ತದೋ ಮುಳ್ಳು ಹಾಗೇ ಅಲುಗುತ್ತದೆ, ಆ ಅಲುಗಾಟವೇ ಸೌಂಡ್. ಗೋಡೆಯ ಮೈ ತರಿತರಿ ಇದ್ದರೆ ಆ ತರಿಯೂ ಕೇಳುತ್ತದೆ, ಯಾವುದು ಸಂಗೀತ ಯಾವುದು ತರಿ ಅಂತ ಮುಳ್ಳಿಗೆ ಗೊತ್ತಾಗುವುದಿಲ್ಲ. ಹಾಗಾಗಿ ಅಲ್ಲಿ ಪ್ಲೇಟನ್ನು ಯಾವುದರಿಂದ ಮಾಡಿದ್ದಾರೆ ಅನ್ನುವುದು ನೇರವಾಗಿ ಕಿವಿಗೆ ಬರುತ್ತದೆ.

1982ರಲ್ಲಿ ಮಾರುಕಟ್ಟೆಗೆ ಬಂದ ಸಿಡಿಯಲ್ಲಿ ಇರುವುದು ಸಂಖ್ಯೆಗಳು. ಎಡಕ್ಕೂ ಬಲಕ್ಕೂ ಬೇರೆಬೇರೆಯಾಗಿ ಸೆಕೆಂಡಿಗೆ 44,100 ಸಲ ಅಳೆದು, ಒಂದೊಂದು ಅಳತೆಯನ್ನೂ 16 ಬಿಟ್‌ನಲ್ಲಿ ಬರೆದಿರುತ್ತಾರೆ. 1.2 ಮಿ.ಮೀ. ದಪ್ಪದ ಪಾಲಿಕಾರ್ಬೊನೇಟ್, ಅದರ ಮೇಲೆ ತೆಳ್ಳಗೆ ಅಲ್ಯೂಮಿನಿಯಂ, ಅದರ ಮೇಲೆ ವಾರ್ನಿಷ್. ಲೇಸರ್ ಕೆಳಗಿನಿಂದ ಪ್ಲಾಸ್ಟಿಕ್ ದಾಟಿ ಹೋಗಿ ಸಂಖ್ಯೆಗಳ ಗುರುತಾಗಿ ಒತ್ತಿರುವ ಸಣ್ಣ ಗುಳಿಗಳ ಅಂಚು ಎಲ್ಲೆಲ್ಲಿ ಬರುತ್ತದೆ ಅಂತ ನೋಡುತ್ತದೆ. ಓದುವಾಗ ತಪ್ಪುಗಳು ಆಗುತ್ತಲೇ ಇರುತ್ತವೆ, ಹೊಚ್ಚ ಹೊಸ ಡಿಸ್ಕಿನಲ್ಲೂ. ಅದಕ್ಕೇ ರೀಡ್-ಸಾಲೊಮನ್ ಅನ್ನುವ ತಿದ್ದುವ ಲೆಕ್ಕವನ್ನು ಸಂಖ್ಯೆಗಳ ಜೊತೆಗೇ ಹೆಣೆದು ಇಟ್ಟಿದ್ದಾರೆ. ಟ್ರ್ಯಾಕಿನ ಉದ್ದಕ್ಕೆ ಸುಮಾರು 2.5 ಮಿ.ಮೀ. ಹಾಳಾದರೂ ಹೋದ ಸಂಖ್ಯೆಗಳು ಇದ್ದಂತೆಯೇ ವಾಪಸ್ ಸಿಗುತ್ತವೆ. ಅದಕ್ಕಿಂತ ಜಾಸ್ತಿ ಆದರೆ ಪ್ಲೇಯರ್ ಅಕ್ಕಪಕ್ಕದ ಸಂಖ್ಯೆ ನೋಡಿ ಅಂದಾಜು ಮಾಡಿಕೊಳ್ಳುತ್ತದೆ. ಅದೂ ಆಗದಿದ್ದರೆ ಟಕ್ ಅನ್ನುತ್ತದೆ, ಹಾರುತ್ತದೆ, ನಿಂತುಬಿಡುತ್ತದೆ.

ಇದೊಂದು ಗಮನಿಸಿ. ಸಿಡಿ ಕೆಟ್ಟಾಗ ಟಕ್ ಟಕ್ ಅನ್ನುತ್ತದೆಯೇ ಹೊರತು ತಂಬೂರಿ ಮಂಕಾಗುವುದಿಲ್ಲ, ಮೃದಂಗದ ಎಡದ ಗುಂಕಾರ ಕಡಿಮೆಯಾಗುವುದಿಲ್ಲ. ನಾದದ ಬಣ್ಣ ಬದಲಾಗಬೇಕಾದರೆ ಲಕ್ಷಾಂತರ ಸಂಖ್ಯೆಗಳು ಒಂದು ಕ್ರಮದಲ್ಲಿ, ಒಟ್ಟಿಗೆ ಬದಲಾಗಬೇಕು. ಪ್ಲಾಸ್ಟಿಕ್ಕಿನಿಂದ ಅದು ಆಗುವ ಕೆಲಸವೇ ಅಲ್ಲ.

ಎಸ್‌ಎಚ್‌ಎಂ ಸಿಡಿ ಜಪಾನಿನಲ್ಲಿ ಜೆವಿಸಿ ಮತ್ತು ಯೂನಿವರ್ಸಲ್ ಮ್ಯೂಸಿಕ್ ಸೇರಿ ತಂದಿದ್ದು. ಎಲ್‌ಸಿಡಿ ಪರದೆಗೆ ಬಳಸುವ ಥರದ, ಇನ್ನೂ ಪಾರದರ್ಶಕ ಪಾಲಿಕಾರ್ಬೊನೇಟ್ ಅದರದ್ದು. 2008ರಲ್ಲಿ ಸೋನಿಯ ಬ್ಲೂ-ಸ್ಪೆಕ್ ಸಿಡಿ ಬಂತು. ಎರಡೂ ಮಾಮೂಲಿ ಪ್ಲೇಯರಿನಲ್ಲೇ ಓಡುತ್ತವೆ, ಎರಡರಲ್ಲೂ ಅದೇ 16 ಬಿಟ್. ಚಿನ್ನದ ಪದರಕ್ಕೆ ಒಂದು ನಿಜವಾದ ಕಾರಣ ಇದೆ: ವಾರ್ನಿಷ್ ಬಿರುಕು ಬಿಟ್ಟು ಗಾಳಿ, ತೇವ ಒಳಗೆ ಹೋದರೆ ಅಲ್ಯೂಮಿನಿಯಂ ಕೆಡುತ್ತದೆ, ಚಿನ್ನ ಕೆಡುವುದಿಲ್ಲ. ಅದು ಬಾಳಿಕೆಯ ಮಾತು.

ನಿಮ್ಮ ಸಿಡಿಗಳನ್ನು ಇಡುವಾಗ ಹೆಸರು ಅಚ್ಚಾಗಿರುವ ಮೇಲ್ಭಾಗವನ್ನು ಜಾಸ್ತಿ ಹುಷಾರಾಗಿ ನೋಡಿಕೊಳ್ಳಿ. ಎಲ್ಲರೂ ಕೆಳಗಿನ ಹೊಳೆಯುವ ಕಡೆಗೇ ಹೆದರುತ್ತಾರೆ, ಆದರೆ ಮಾಹಿತಿಯ ಪದರ ಇರುವುದು ಮೇಲೆ, ವಾರ್ನಿಷಿನ ಕೆಳಗೇ. ಅಲ್ಲಿ ಗೀರು ಬಿದ್ದರೆ ಪಾಲಿಷ್ ಮಾಡಿ ಉಳಿಸಿಕೊಳ್ಳಲು ಆಗುವುದಿಲ್ಲ.

ಬನಶಂಕರಿ_ಕೇಳುಗ

ಸರ್, ಲೆಕ್ಕ ಅರ್ಥವಾಯಿತು. ಆದರೆ ನನ್ನ ಹತ್ತಿರ ಒಂದೇ ಆಲ್ಬಂ ಮಾಮೂಲಿ ಸಿಡಿಯಲ್ಲೂ ಇದೆ, ಎಸ್‌ಎಚ್‌ಎಂನಲ್ಲೂ ಇದೆ. ಅದೇ ಪ್ಲೇಯರ್, ಅದೇ ಸ್ಪೀಕರ್. ವ್ಯತ್ಯಾಸ ಸ್ಪಷ್ಟವಾಗಿ ಕೇಳುತ್ತದೆ, ಸುಮ್ನೆ ಹೇಳುತ್ತಿಲ್ಲ. ದನಿ ಮುಂದೆ ಬಂದು ನಿಲ್ಲುತ್ತದೆ, ಬೇಸ್ ದುಂಡಗಿದೆ. ಮನೆಯವರಿಗೂ ಕೇಳಿಸಿದೆ.

ಸಂಖ್ಯೆ ಒಂದೇ ಇರಬಹುದು, ಆದರೆ ಅವು ಬರುವ ಸಮಯದಲ್ಲಿ ಏರುಪೇರು ಆದರೆ? ಜಿಟರ್ ಅನ್ನುತ್ತಾರಲ್ಲ. ಲೇಸರ್ ಕಷ್ಟಪಟ್ಟು ಓದುವಾಗ ಮೋಟಾರು ಜಾಸ್ತಿ ಒದ್ದಾಡಿ, ಆ ಗಲಾಟೆ ಆಂಪ್ಲಿಫೈಯರಿನ ಕಡೆ ಹೋಗಬಹುದಲ್ವಾ?

ಸ್ಟುಡಿಯೋ_ರಾಜಾಜಿನಗರ

ನೀವು ಕೇಳಿದ್ದನ್ನು ನಾನು ಸುಳ್ಳು ಅನ್ನುವುದಿಲ್ಲ. ಕಾರಣ ಬೇರೆ ಇರಬಹುದು ಅಂತಷ್ಟೇ.

ಮೊದಲು ಜಿಟರ್. ಡಿಸ್ಕಿನಿಂದ ಓದಿದ ಸಂಖ್ಯೆಗಳು ನೇರವಾಗಿ ಹೊರಗೆ ಹೋಗುವುದಿಲ್ಲ. ಮೊದಲು ಒಂದು ಸಣ್ಣ ಮೆಮೊರಿಯಲ್ಲಿ ನಿಲ್ಲುತ್ತವೆ, ಅಲ್ಲಿಂದ ಕ್ರಿಸ್ಟಲ್ ಗಡಿಯಾರದ ಲೆಕ್ಕದಲ್ಲಿ ಹೊರಗೆ ಬರುತ್ತವೆ. ಡಿಸ್ಕ್ ತಿರುಗುವುದರಲ್ಲಿನ ಏರುಪೇರು ಆ ಮೆಮೊರಿಯಲ್ಲೇ ಮುಗಿದುಹೋಗುತ್ತದೆ. ಮೋಟಾರಿನ ಗಲಾಟೆ ತೀರಾ ಕಳಪೆ ಪ್ಲೇಯರಿನಲ್ಲಿ ಬರಬಹುದು. ಅದನ್ನು ಪತ್ತೆ ಮಾಡುವುದು ಸುಲಭ, ಎರಡೂ ಡಿಸ್ಕನ್ನು ರಿಪ್ ಮಾಡಿ, ಅಂದರೆ ಕಂಪ್ಯೂಟರಿಗೆ ನಕಲು ಮಾಡಿಕೊಂಡು, ಫೈಲಿನಿಂದ ಕೇಳಿ. ಆಗ ಮೋಟಾರೇ ಇಲ್ಲ. ವ್ಯತ್ಯಾಸ ಆಗಲೂ ಇದ್ದರೆ ಅದು ಫೈಲಿನಲ್ಲೇ ಇದೆ ಅಂತ ಅರ್ಥ, ಅಂದರೆ ಮಾಸ್ಟರಿಂಗೇ (ಡಿಸ್ಕ್ ಒತ್ತುವ ಮೊದಲು ಸದ್ದಿನ ಮಟ್ಟ, ಬಣ್ಣ ಹದ ಮಾಡುವ ಕೆಲಸ) ಬೇರೆ.

ಹೀಗೆ ಮಾಡಿ. ಎಕ್ಸಾಕ್ಟ್ ಆಡಿಯೋ ಕಾಪಿ ಅನ್ನುವ ಸಾಫ್ಟ್‌ವೇರಿನಲ್ಲಿ ಎರಡನ್ನೂ ರಿಪ್ ಮಾಡಿ, ಸೌಂಡ್ ಎಡಿಟ್ ಮಾಡುವ ಆಡಾಸಿಟಿಯಲ್ಲಿ ಒಂದರ ಕೆಳಗೆ ಒಂದು ಹಾಕಿ. ಶುರುವಿನಲ್ಲಿ ಒಂದಷ್ಟು ಸ್ಯಾಂಪಲ್ (ಅಳತೆಗಳು) ಹಿಂದೆ ಮುಂದೆ ಇರಬಹುದು, ಬೇರೆ ಬೇರೆ ಸಲ ಅಚ್ಚು ಹಾಕಿದ ಡಿಸ್ಕುಗಳಲ್ಲಿ ಅದು ಮಾಮೂಲು, ಅದನ್ನು ಸರಿಹೊಂದಿಸಿಕೊಳ್ಳಿ. ಆಮೇಲೆ ಒಂದರ ಅಲೆಯನ್ನು ಇನ್ವರ್ಟ್ (ತಲೆಕೆಳಗು) ಮಾಡಿ ಎರಡನ್ನೂ ಕೂಡಿಸಿ. ಪೂರ್ತಿ ಮೌನ ಬಂದರೆ ಎರಡೂ ಒಂದೇ. ಏನಾದರೂ ಉಳಿದರೆ ಇಂಜಿನಿಯರ್ ಬೇರೆ ಮಾಸ್ಟರ್ ಮಾಡಿದ್ದಾರೆ. ಹಾಡನ್ನು ಒಂದು ಡೆಸಿಬಲ್ ಜೋರು ಮಾಡಿದರೂ ಸಾಕು, ಕೇಳುವವರಿಗೆ ಜೋರು ಅಂತ ಅನ್ನಿಸುವುದಿಲ್ಲ, ಚೆನ್ನಾಗಿದೆ ಅಂತ ಅನ್ನಿಸುತ್ತದೆ. ಸ್ಟುಡಿಯೋದಲ್ಲಿ ನಾವು ಎರಡು ಮಿಕ್ಸ್ ಹೋಲಿಸುವಾಗ ಮೊದಲು ಲೆವೆಲ್ ಸಮ ಮಾಡಿಕೊಳ್ಳುವುದು ಇದಕ್ಕೇ.

ಎರಡೂ ಒಂದೇ ಮಾಸ್ಟರ್ ಅಂತ ಖಾತ್ರಿ ಆದಮೇಲೂ ಬೇರೆ ಕೇಳಿದರೆ ಫೂಬಾರ್ ಅನ್ನುವ ಪ್ಲೇಯರ್ ಸಾಫ್ಟ್‌ವೇರಿನಲ್ಲಿ ಎಬಿಎಕ್ಸ್ ಪರೀಕ್ಷೆ ಮಾಡಿ. ಯಾವುದು ಓಡುತ್ತಿದೆ ಅಂತ ಅದು ಹೇಳುವುದಿಲ್ಲ, ನೀವು ಕಂಡುಹಿಡಿಯಬೇಕು. 16 ಸಲದಲ್ಲಿ 12 ಅಥವಾ ಜಾಸ್ತಿ ಸರಿಯಾದರೆ ಅದನ್ನು ಗಂಭೀರವಾಗಿ ತಗೊಳ್ಳಬೇಕು, ಬರೀ ಅದೃಷ್ಟದಿಂದ ಅಷ್ಟು ಬರುವ ಸಾಧ್ಯತೆ ನೂರರಲ್ಲಿ ನಾಲ್ಕಕ್ಕಿಂತ ಕಡಿಮೆ.

ಪ್ಲೇಟು_ಪ್ರಿಯ

ವೀಣೆ ಮೇಡಂ, ಸಿಡಿ ಚರ್ಚೆ ನಡೆಯಲಿ ಬಿಡಿ, ಅವು ಎಲ್ಲಿಗೂ ಹೋಗುವುದಿಲ್ಲ. ನಿಮ್ಮ ನಿಜವಾದ ಆಸ್ತಿ ಆ ಟ್ರಂಕಿನಲ್ಲಿ ಇದೆ. ಮೊದಲು ಒಂದು ಮಾತು: 78ರ ಪ್ಲೇಟನ್ನು ಯಾವ ಕಾರಣಕ್ಕೂ ಸ್ಪಿರಿಟ್ ಹಾಕಿ ಒರೆಸಬೇಡಿ. ಎಲ್‌ಪಿ ಒರೆಸುವ ದ್ರಾವಣಗಳಲ್ಲಿ ಆಲ್ಕೋಹಾಲ್ ಇರುತ್ತದೆ, ಅದೂ ಬೇಡ. ಹಳೆಯ ಪ್ಲೇಟು ಅರಗಿನದ್ದು. ಚನ್ನಪಟ್ಟಣದ ಬೊಂಬೆಗೆ ಬಣ್ಣ ಹಿಡಿಸುವುದು ಅರಗಿನಿಂದಲೇ, ಬಡಗಿಗಳು ಪಾಲಿಷ್‌ಗೆ ಅರಗಿನ ಚಕ್ಕೆ ಕರಗಿಸುವುದು ಸ್ಪಿರಿಟ್‌ನಲ್ಲೇ. ಪ್ಲೇಟೂ ಹಾಗೇ ಕರಗುತ್ತದೆ, ಗೀರು ಹೋದರೆ ಹಾಡೂ ಹೋಯಿತು. ಡಿಸ್ಟಿಲ್ಡ್ ನೀರಿಗೆ ಒಂದು ಹನಿ ಸೌಮ್ಯವಾದ ಸೋಪು ಹಾಕಿ, ಲೇಬಲ್ ನೆನೆಯದ ಹಾಗೆ ಮೃದುವಾದ ಬಟ್ಟೆಯಲ್ಲಿ ಒರೆಸಿ ಕೂಡಲೇ ಒಣಗಿಸಿ. ಅಂಚಿನಲ್ಲಿ ಸೀಳು ಬಿಟ್ಟಿದ್ದರೆ ನೀರೂ ಬೇಡ.

ವಸ್ತುವಿನಿಂದ ನಾದ ಬದಲಾಗುತ್ತದಾ ಅಂತ ಕೇಳಿದಿರಲ್ಲ, ಈ ಪ್ಲೇಟುಗಳೇ ಅದಕ್ಕೆ ಸಾಕ್ಷಿ. ಇವುಗಳಲ್ಲಿ ಅರಗು ಒಂದು ಪಾಲು ಮಾತ್ರ, ಮಿಕ್ಕಿದ್ದು ಕಲ್ಲಿನ ಪುಡಿ, ಕಪ್ಪು ಮಸಿ. ಕಲ್ಲಿನ ಪುಡಿ ಬೇಕಂತಲೇ ಹಾಕುತ್ತಿದ್ದರು. ಗ್ರಾಮಫೋನಿನ ಉಕ್ಕಿನ ಮುಳ್ಳು ಮೊದಲ ಕೆಲವು ಸುತ್ತಿನಲ್ಲಿ ಆ ಪುಡಿಗೆ ಉಜ್ಜಿ ಗೀರಿನ ಆಕಾರಕ್ಕೆ ಸವೆಯಬೇಕಿತ್ತು. ನೀವು ಕೇಳುವ ಆ ಚರಚರ ಸದ್ದಿನಲ್ಲಿ ಧೂಳಿನ ಪಾಲಿದೆ, ಸವೆತದ ಪಾಲಿದೆ, ಆದರೆ ಒಂದು ದೊಡ್ಡ ಪಾಲು ಆ ಕಲ್ಲಿನ ಪುಡಿಯದ್ದೇ. ಆಮೇಲೆ 1948ರಲ್ಲಿ ಕೊಲಂಬಿಯಾ ವಿನೈಲ್‌ನ ಎಲ್‌ಪಿ ತಂದಾಗ ಮೈ ನುಣುಪಾಯಿತು, ಗೀರು ಸಣ್ಣದು ಮಾಡಲು ಆಯಿತು, ಒಂದು ಮುಖಕ್ಕೆ ಮೂರು ಮೂರೂವರೆ ನಿಮಿಷ ಇದ್ದದ್ದು ಇಪ್ಪತ್ತು ನಿಮಿಷ ದಾಟಿತು. ಒಂದು ರಾಗಕ್ಕೆ ಉಸಿರಾಡಲು ಜಾಗ ಸಿಕ್ಕಿದ್ದು ಆಗಲೇ. ಎರಡನೇ ಮಹಾಯುದ್ಧದಲ್ಲಿ ಅರಗು ಸಿಗದೆ ಅಮೆರಿಕದವರು ಸೈನಿಕರಿಗೆ ಕಳಿಸುವ ಪ್ಲೇಟುಗಳನ್ನು ವಿನೈಲ್‌ನಲ್ಲಿ ಮಾಡಿದ್ದರು, ಆ ಅರಗಿನ ಬಹುಪಾಲು ಹೋಗುತ್ತಿದ್ದದ್ದು ನಮ್ಮ ದೇಶದಿಂದಲೇ. ನಮ್ಮಲ್ಲಿ 78 ಬಹಳ ಕಾಲ ಉಳಿದುಕೊಂಡಿತು, 60ರ ದಶಕದಲ್ಲೂ ಒತ್ತುತ್ತಿದ್ದರು, ಬೀಟಲ್ಸ್ ಹಾಡುಗಳು ಕೂಡ ಇಲ್ಲಿ 78ರಲ್ಲಿ ಬಂದಿವೆ.

ಆದರೆ ಎಲ್ಲವನ್ನೂ ಅರಗಿನ ಮೇಲೆ ಹಾಕಬೇಡಿ. 1902ರಲ್ಲಿ ಕಲ್ಕತ್ತಾದಲ್ಲಿ ಧ್ವನಿಮುದ್ರಣ ಕೊಟ್ಟ ಗಾಯಕಿ ಗೌಹರ್ ಜಾನ್, ಕೊನೆಗೆ ನಮ್ಮ ಮೈಸೂರಿಗೇ ಬಂದು 1930ರಲ್ಲಿ ಇಲ್ಲೇ ತೀರಿಕೊಂಡವರು. ಅವರ ಆ ಮೊದಲ ಪ್ಲೇಟುಗಳು ಮೈಕೇ ಇಲ್ಲದ ಕಾಲದವು. ದೊಡ್ಡ ತುತ್ತೂರಿಯ ಬಾಯಿಗೆ ಮುಖ ಕೊಟ್ಟು ಹಾಡಬೇಕಿತ್ತು. ಮೈಕಿನ ರೆಕಾರ್ಡಿಂಗ್ ಶುರುವಾಗಿದ್ದು 1925ರಲ್ಲಿ. ತಂಬೂರಿಯ ಆ ಸಣ್ಣ ಝೇಂಕಾರ ತುತ್ತೂರಿಯೊಳಗೆ ಹೋಗಲೇ ಇಲ್ಲ, ಹಾಗಾಗಿ ಯಾವ ಪ್ಲೇಟಿನಿಂದಲೂ ಅದು ಹೊರಗೆ ಬರುವುದಿಲ್ಲ.

ಮುಳ್ಳಿನ ವಿಷಯ ಮುಖ್ಯ. ಎಲ್‌ಪಿ ಮುಳ್ಳಿನ ತುದಿ ಸುಮಾರು 18 ಮೈಕ್ರಾನ್, 78ಕ್ಕೆ 65ರಿಂದ 75 ಬೇಕು. ಎಲ್‌ಪಿ ಮುಳ್ಳನ್ನು 78ರ ಮೇಲೆ ಇಟ್ಟರೆ ಅದು ಗೀರಿನ ತಳಕ್ಕೆ ಇಳಿದು ಅಲ್ಲಿನ ಕಸವನ್ನೇ ಓದುತ್ತದೆ. ಎಷ್ಟೋ ಜನ ಹೀಗೆ ಕೇಳಿ ಹಳೇ ಪ್ಲೇಟು ಕೆಟ್ಟುಹೋಗಿದೆ ಅಂತ ತೀರ್ಮಾನಿಸಿ ಗುಜರಿಗೆ ಹಾಕಿದ್ದಾರೆ, ಅದು ನನಗೆ ಬಹಳ ಸಂಕಟ ಕೊಡುವ ವಿಷಯ. 78 ಮೋನೋ ಆದರೂ ಸ್ಟೀರಿಯೋದಲ್ಲೇ ರೆಕಾರ್ಡ್ ಮಾಡಿ. ಗೀರಿನ ಎರಡು ಗೋಡೆಗಳಲ್ಲಿ ಒಂದು ಜಾಸ್ತಿ ಸವೆದಿರುತ್ತದೆ, ಚೆನ್ನಾಗಿರುವ ಕಡೆಯನ್ನು ಆಮೇಲೆ ಆರಿಸಿಕೊಳ್ಳಬಹುದು.

ಕ್ಯಾಸೆಟ್ಟಿಗೆ ಹೆಡ್ ಕ್ಲೀನ್ ಮಾಡಿದ ಮೇಲೆ ಹೆಡ್ಡಿನ ಪಕ್ಕದ ಸಣ್ಣ ಸ್ಕ್ರೂ ನೋಡಿ. ರೆಕಾರ್ಡ್ ಮಾಡಿದ ಯಂತ್ರದ ಹೆಡ್ಡು ಎಷ್ಟು ಓರೆ ಇತ್ತೋ ಓದುವ ಹೆಡ್ಡೂ ಅಷ್ಟೇ ಓರೆ ಇರಬೇಕು, ಇಲ್ಲದಿದ್ದರೆ ಮೇಲಿನ ನಾದವೆಲ್ಲ ಕಂಬಳಿ ಹೊದ್ದ ಹಾಗೆ ಆಗುತ್ತದೆ. ತಾಳದ ಸದ್ದು ಎಲ್ಲಿ ಅತಿ ಸ್ಪಷ್ಟವೋ ಅಲ್ಲಿಗೆ ನಿಲ್ಲಿಸಿ. ತಂದೆಯವರ ಟೇಪ್ ರೆಕಾರ್ಡರ್ ಇನ್ನೂ ಇದ್ದರೆ ರಿಪೇರಿ ಮಾಡಿಸಿ ಅದರಲ್ಲೇ ಓಡಿಸಿ, ಅದಕ್ಕಿಂತ ಒಳ್ಳೆಯದಿಲ್ಲ.

ವೀಣೆ_ಬಸವನಗುಡಿ

ತುಂಬಾ ಧನ್ಯವಾದ. ಸ್ಪಿರಿಟ್ ವಿಷಯ ಸರಿಯಾದ ಸಮಯಕ್ಕೆ ಹೇಳಿದಿರಿ. ಟೇಪ್ ರೆಕಾರ್ಡರ್ ಇದೆ, ಬೆಲ್ಟ್ ಹೋಗಿದೆ, ಎಸ್‌ಪಿ ರೋಡಿನಲ್ಲಿ ವಿಚಾರಿಸುತ್ತೇನೆ.

ಎಂಪಿ3 ಪ್ರಶ್ನೆ ಹಾಗೇ ಉಳಿಯಿತು. ವಿದ್ಯಾರ್ಥಿಗಳಿಗೆ ವಾಟ್ಸಾಪಿನಲ್ಲಿ ಕಳಿಸಿದಾಗ ಮೀಟು ಎಲ್ಲಾ ಮೊಂಡಾಗಿ ಕೇಳುತ್ತದೆ. ಗಮಕ ಕಲಿಸುವಾಗ ಮೀಟು ಎಲ್ಲಿ ಬಿತ್ತು, ಎಳೆತ ಎಲ್ಲಿ ಶುರುವಾಯಿತು ಅನ್ನುವುದೇ ಪಾಠ. ಇದಕ್ಕೆ ಏನು ಮಾಡಬೇಕು? 24 ಬಿಟ್, 96 ಕಿಲೋಹರ್ಟ್ಸ್ ಅಂತೆಲ್ಲ ಹೇಳುತ್ತಾರಲ್ಲ, ಅದು ಬೇಕಾ?

ಕೋಡೆಕ್_ಕೋರಮಂಗಲ

ಮೇಡಂ, ನಿಮ್ಮ ಅಕ್ಕನ ಮಗ ಹೇಳಿದ ಎರಡು ಮಾತೂ ಸರಿ. ಒಂದು ಕೃತಿಯ ಸಾಹಿತ್ಯವನ್ನು ಒಳ್ಳೆ ಕಾಗದದಲ್ಲಿ ಬರೆದರೂ ನೋಟ್‌ಬುಕ್ಕಿನಲ್ಲಿ ಬರೆದರೂ ಸಾಹಿತ್ಯ ಅದೇ. ಫ್ಲಾಕ್ ಅಂದರೆ ಅದನ್ನೇ ಒತ್ತೊತ್ತಾಗಿ ಬರೆದು ಜಾಗ ಉಳಿಸಿದ ಹಾಗೆ. ಎಂಪಿ3ಯಲ್ಲಿ ಕೆಲವು ಪದ ಬಿಟ್ಟೇ ಬರೆದಿರುತ್ತಾರೆ.

ಸಿಡಿಯಿಂದ ಸೆಕೆಂಡಿಗೆ ಸುಮಾರು 1,411 ಕಿಲೋಬಿಟ್ ಬರುತ್ತದೆ. 128 ಕಿಲೋಬಿಟ್ಟಿನ ಎಂಪಿ3 ಅಂದರೆ ಅದರ ಹನ್ನೊಂದರಲ್ಲಿ ಒಂದು ಪಾಲು. ಜೋರಾದ ಸದ್ದಿನ ಮರೆಯಲ್ಲಿ ಕಿವಿಗೆ ಕೇಳದ ಸಣ್ಣ ಸದ್ದು ಯಾವುದು ಅಂತ ಲೆಕ್ಕ ಹಾಕಿ ಅದಕ್ಕೆ ಜಾಗ ಕೊಡುವುದಿಲ್ಲ. ಮೆಜೆಸ್ಟಿಕ್ ಫುಟ್‌ಪಾತಿನಲ್ಲಿ ನೂರಾರು ಹಾಡು ಒಂದೇ ಸಿಡಿಯಲ್ಲಿ ಸಿಗುತ್ತಿದ್ದದ್ದು ಇದರಿಂದಲೇ. ಲೆಕ್ಕ ಬಹಳ ಜಾಣತನದ್ದು. 256, 320ರಲ್ಲಿ ಒಳ್ಳೆ ಎನ್‌ಕೋಡರ್ (ಎಂಪಿ3 ಮಾಡುವ ಸಾಫ್ಟ್‌ವೇರ್) ಬಳಸಿದರೆ ಬಹಳ ಜನಕ್ಕೆ ಮೂಲ ಯಾವುದು ಅಂತ ಗುರುತಿಸಲು ಆಗುವುದಿಲ್ಲ. ಆದರೆ ಕಡಿಮೆ ಬಿಟ್‌ರೇಟಿನಲ್ಲಿ ಮೊದಲು ಕೆಡುವುದು ಚಟ್ಟನೆ ಹುಟ್ಟುವ ಸದ್ದು. ಎಂಪಿ3 ಸದ್ದನ್ನು ತುಂಡು ತುಂಡಾಗಿ ತಗೊಂಡು ಲೆಕ್ಕ ಹಾಕುತ್ತದೆ, ಆ ತುಂಡಿನ ಮಧ್ಯದಲ್ಲಿ ಮೀಟು ಬಿದ್ದರೆ ಅದರ ಒರಟು ಲೆಕ್ಕದ ಗೊರಗೊರ ಇಡೀ ತುಂಡಿಗೆ ಹರಡಿ ಮೀಟಿಗಿಂತ ಮುಂಚೆಯೇ ಸ್ವಲ್ಪ ಕೇಳುತ್ತದೆ. ಖಂಜಿರ, ಘಟ, ತಾಳ, ವೀಣೆಯ ಮೀಟು ಎಲ್ಲಕ್ಕೂ ಇದೇ ಪಾಡು. ನಿಮ್ಮ ಕಿವಿ ಹಿಡಿದಿರುವುದು ನಿಜವಾದ ದೋಷವನ್ನೇ.

ವಾಟ್ಸಾಪಿನ ವಾಯ್ಸ್ ಮೆಸೇಜ್ ಮಾತಿಗೆ ಮಾಡಿದ್ದು, ಸಂಗೀತಕ್ಕೆ ಬಳಸಲೇಬೇಡಿ. ಫೈಲನ್ನು ಡಾಕ್ಯುಮೆಂಟ್ ಅಂತ ಆರಿಸಿ ಕಳಿಸಿ, ಆಗ ಅದನ್ನು ಯಾರೂ ಮುಟ್ಟುವುದಿಲ್ಲ. ಅಗ್ಗದ ಬ್ಲೂಟೂತ್ ಸ್ಪೀಕರಿನಲ್ಲಿ ಕೇಳಿದರೆ ಅಲ್ಲಿ ಇನ್ನೊಂದು ಸಲ ಕುಗ್ಗಿಸುತ್ತದೆ, ಪಾಠಕ್ಕೆ ವೈರ್ ಇರುವ ಹೆಡ್‌ಫೋನೇ ಒಳ್ಳೆಯದು. ಇನ್ನೊಂದು ವಿಷಯ: ಎಂಪಿ3ಯನ್ನು ಫ್ಲಾಕ್‌ಗೆ ಬದಲಾಯಿಸಿದರೆ ಬಿಟ್ಟುಹೋದದ್ದು ವಾಪಸ್ ಬರುವುದಿಲ್ಲ, ಫೈಲ್ ದೊಡ್ಡದಾಗುತ್ತದೆ ಅಷ್ಟೇ. ಯಾರಾದರೂ ಫ್ಲಾಕ್ ಕೊಟ್ಟರೆ ಸ್ಪೆಕ್ಟ್ರೋಗ್ರಾಮ್ (ಯಾವ ಎತ್ತರದ ಸದ್ದು ಎಷ್ಟಿದೆ ಅಂತ ತೋರಿಸುವ ಚಿತ್ರ) ನೋಡಿ, ಸುಮಾರು 16 ಕಿಲೋಹರ್ಟ್ಸ್ ಮೇಲೆ ಕತ್ತರಿಸಿದ ಹಾಗೆ ಖಾಲಿ ಇದ್ದರೆ ಅನುಮಾನ ಪಡಬೇಕು.

24 ಬಿಟ್ ಬಗ್ಗೆ: ಕೇಳುವುದಕ್ಕೆ ಬೇಕಾಗಿಲ್ಲ, ರೆಕಾರ್ಡ್ ಮಾಡುವುದಕ್ಕೆ ಬೇಕು. 16 ಬಿಟ್‌ನಲ್ಲೇ ಅತಿ ಸಣ್ಣ ಸದ್ದಿಗೂ ಅತಿ ಜೋರಿನ ಸದ್ದಿಗೂ ಸುಮಾರು 96 ಡೆಸಿಬಲ್ ಅಂತರ ಸಿಗುತ್ತದೆ, ಯಾವ ಪ್ಲೇಟೂ ಅದರ ಹತ್ತಿರ ಬರುವುದಿಲ್ಲ. ಆದರೆ ಪ್ಲೇಟಿನ ಒಂದು ಟಕ್ ಎಷ್ಟು ಜೋರು ಬರುತ್ತದೆ ಅಂತ ಮೊದಲೇ ಗೊತ್ತಿರುವುದಿಲ್ಲ, 24 ಇದ್ದರೆ ಲೆವೆಲ್ ಕಡಿಮೆ ಇಟ್ಟು ನಿಶ್ಚಿಂತೆಯಿಂದ ಇರಬಹುದು. 96 ಕಿಲೋಹರ್ಟ್ಸ್, ಅಂದರೆ ಸೆಕೆಂಡಿಗೆ 96,000 ಅಳತೆ, ಇದ್ದರೆ ಟಕ್ ತೆಗೆಯುವ ಸಾಫ್ಟ್‌ವೇರಿಗೆ ಅನುಕೂಲ. ನಿಮಿಷಕ್ಕೆ ಸುಮಾರು 35 ಎಂಬಿ ಆಗುತ್ತದೆ, ಈಗಿನ ಹಾರ್ಡ್‌ಡಿಸ್ಕಿಗೆ ಏನೂ ಅಲ್ಲ. ಎಸ್‌ಎಸಿಡಿಯಂಥ ಹೈ ರೆಸಲ್ಯೂಷನ್ ಡಿಸ್ಕುಗಳನ್ನು ಸಿಡಿ ಮಟ್ಟಕ್ಕೆ ಇಳಿಸಿ ಹೋಲಿಸಿದ ಪರೀಕ್ಷೆಯೊಂದನ್ನು ಮೇಯರ್ ಮತ್ತು ಮೊರಾನ್ 2007ರಲ್ಲಿ ಪ್ರಕಟಿಸಿದರು. ಮಾಮೂಲಿ ವಾಲ್ಯೂಮಿನಲ್ಲಿ ಕೇಳುಗರಿಗೆ ವ್ಯತ್ಯಾಸ ಗೊತ್ತಾಗಲಿಲ್ಲ. ಹಾಗಿದ್ದರೂ ಆ ಡಿಸ್ಕುಗಳಲ್ಲಿ ಬಹಳಷ್ಟು ಕೇಳಲು ಚೆನ್ನಾಗಿಯೇ ಇದ್ದವು ಅಂತ ಅವರೇ ಬರೆದಿದ್ದಾರೆ, ಯಾಕೆಂದರೆ ಅವನ್ನು ಜಾಸ್ತಿ ಶ್ರದ್ಧೆಯಿಂದ ಮಾಸ್ಟರ್ ಮಾಡಿದ್ದರು.

ಬನಶಂಕರಿ_ಕೇಳುಗ

ಎರಡೂ ಡಿಸ್ಕ್ ರಿಪ್ ಮಾಡಿ ನೋಡಿದೆ. ಕೂಡಿಸಿದಾಗ ಮೌನ ಬರಲಿಲ್ಲ, ಹಾಡೇ ಕೇಳುತ್ತಿತ್ತು. ಅಲೆಯ ಚಿತ್ರ ನೋಡಿದರೇ ಗೊತ್ತಾಗುತ್ತದೆ, ಜಪಾನಿನದ್ದು ದಪ್ಪಗಿದೆ, ಮಾಮೂಲಿಯದ್ದು ತೆಳ್ಳಗೆ ಏರಿಳಿತ ಜಾಸ್ತಿ ಇದೆ. ಹಾಗಾದರೆ ನಾನು ಕೇಳಿದ್ದು ಇದೆ, ಕಾರಣ ಮಾಸ್ಟರಿಂಗ್. ಲೆವೆಲ್ ಸಮ ಮಾಡಿ ಕೇಳಿದಾಗಲೂ ದನಿಯ ಮಟ್ಟಿಗೆ ನನಗೆ ಜಪಾನಿನದ್ದೇ ಇಷ್ಟ, ಮೃದಂಗಕ್ಕೆ ಮಾತ್ರ ಹಳೆಯದು. ಇನ್ನು ಮುಂದೆ ಕೊಳ್ಳುವಾಗ ಯಾವ ವರ್ಷದ ಮಾಸ್ಟರ್ ಅಂತ ಮೊದಲು ಕೇಳುತ್ತೇನೆ.

ಪ್ಲೇಟು_ಪ್ರಿಯ

ವೀಣೆ ಮೇಡಂ, ಒಂದು ಬಿಟ್ಟುಹೋಗಿತ್ತು, ಇದು ನಿಮ್ಮಂಥವರು ಮಾತ್ರ ಮಾಡಬಹುದಾದ ಕೆಲಸ. ತೀರಾ ಹಳೆಯ ಪ್ಲೇಟುಗಳು 78 ಅಂತ ಹೆಸರಿದ್ದರೂ ಸರಿಯಾಗಿ 78 ಸುತ್ತಿನಲ್ಲಿ ರೆಕಾರ್ಡ್ ಆಗಿಲ್ಲ, ಎಪ್ಪತ್ತರಿಂದ ಎಂಬತ್ತು ಚಿಲ್ಲರೆವರೆಗೂ ಇರುತ್ತವೆ. 73.6 ಸುತ್ತಿನಲ್ಲಿ ಹಾಡಿದ್ದನ್ನು 78ರಲ್ಲಿ ಓಡಿಸಿದರೆ ಶ್ರುತಿ ಒಂದು ಮನೆ ಮೇಲೆ ಹೋಗುತ್ತದೆ, ದನಿಯ ಗುಣವೂ ಚೂಪಾಗುತ್ತದೆ, ಬಿರ್ಕಾ ಓಟವೂ ಸುಳ್ಳು ವೇಗ ಹಿಡಿಯುತ್ತದೆ. ಅದೇ ಗಾಯಕರು ಬೇರೆ ಪ್ಲೇಟುಗಳಲ್ಲಿ ಯಾವ ಶ್ರುತಿಗೆ ಹಾಡಿದ್ದಾರೆ, ಜೊತೆಗಿರುವ ಹಾರ್ಮೋನಿಯಂ ಯಾವ ಮನೆಯದು ಅಂತ ನೋಡಿ ವೇಗ ನಿರ್ಧರಿಸಬೇಕು. ಮೂಲ ರೆಕಾರ್ಡಿಂಗನ್ನು ಹಾಗೇ ಇಟ್ಟು, ವೇಗ ಸರಿಪಡಿಸಿದ ಪ್ರತಿಯನ್ನು ಬೇರೆ ಫೈಲಾಗಿ ಮಾಡಿ. ಲೇಬಲ್ಲಿನ ಫೋಟೋ ತೆಗೆದು, ಲೇಬಲ್ಲಿನ ಸುತ್ತ ಕೆತ್ತಿರುವ ಮ್ಯಾಟ್ರಿಕ್ಸ್ ನಂಬರನ್ನು (ಆ ರೆಕಾರ್ಡಿಂಗಿನ ಗುರುತಿನ ಸಂಖ್ಯೆ) ಫೈಲಿನ ಹೆಸರಿಗೇ ಸೇರಿಸಿ.